ಓದುಗರ ಪ್ರಶ್ನೆ: ಕೈ ಎತ್ತಿದ್ದು ಮನಸ್ಸೋ, ಮೆದುಳೋ?

ಪ್ರಶ್ನೆ: ಹಲ್ಲು ನೋಯುತ್ತದೆ, ಅದಕ್ಕೇ ವೈದ್ಯರ ಹತ್ತಿರ ಹೋಗುತ್ತೇನೆ. ಆದರೆ ನರ, ಸ್ನಾಯು, ವಿದ್ಯುತ್ತು, ರಾಸಾಯನಿಕಗಳೇ ಎಲ್ಲವನ್ನೂ ಮಾಡುವುದಾದರೆ ನೋವಿನ ಅನುಭವಕ್ಕೆ ಅಲ್ಲಿ ಏನು ಕೆಲಸ? — ಭೌತಶಾಸ್ತ್ರ ಉಪನ್ಯಾಸಕಿ, ಹಾಸನ

ಉತ್ತರ: ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರಲ್ಲೇ ಇದನ್ನು, ಮನಸ್ಸು ಬೇರೆ ದೇಹ ಬೇರೆ ಎಂದಿದ್ದ ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟ್‌ಗೆ ಪತ್ರ ಬರೆದು ಕೇಳಿದ್ದಳು: ಮುಟ್ಟಲು ಮೈಯೇ ಇಲ್ಲದ ಆತ್ಮ ದೇಹವನ್ನು ಹೇಗೆ ನೂಕೀತು? ಡೇಕಾರ್ಟ್ ಕೊಟ್ಟ ಉತ್ತರಗಳಿಂದ ಅವಳಿಗೆ ಸಮಾಧಾನವಾಗಲಿಲ್ಲ.

ಈ ತೊಡಕನ್ನು ನಮ್ಮ ಕಾಲದಲ್ಲಿ ಬಿಗಿಯಾಗಿ ಕಟ್ಟಿಕೊಟ್ಟವರು ತತ್ತ್ವಶಾಸ್ತ್ರಜ್ಞ ಜೇಗ್ವನ್ ಕಿಮ್. ಭೌತಿಕ ಘಟನೆಗೆ ಸಾಕಾಗುವಷ್ಟು ಭೌತಿಕ ಕಾರಣ ಇದ್ದೇ ಇರುತ್ತದೆ. ನೋವು ನರಕೋಶಗಳ ಚಟುವಟಿಕೆಗಿಂತ ಬೇರೆ. ಒಂದೇ ಕೆಲಸಕ್ಕೆ ಪ್ರತಿ ಸಲವೂ ಎರಡೆರಡು ಪೂರ್ಣ ಕಾರಣಗಳು ಇರುವುದಿಲ್ಲ. ನೋವಿನಿಂದಲೇ ಕೈ ಕೆನ್ನೆಗೆ ಹೋಗುತ್ತದೆ. ಈ ನಾಲ್ಕು ಮಾತುಗಳಲ್ಲಿ ಒಂದೊಂದೂ ಸರಿಯೆನ್ನಿಸುತ್ತದೆ, ನಾಲ್ಕೂ ಒಟ್ಟಿಗೆ ನಿಲ್ಲಲಾರವು. ಯಾವುದನ್ನು ಬಿಟ್ಟುಕೊಡುತ್ತೀರಿ ಎಂಬುದೇ ಪ್ರಶ್ನೆ.

ಕೊನೆಯದನ್ನು ಬಿಟ್ಟವನು ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಟಿ. ಎಚ್. ಹಕ್ಸ್‌ಲಿ (1874). ಉಗಿಬಂಡಿ ಕೂಗುತ್ತದೆ, ಆದರೆ ಕೂಗು ಬಂಡಿಯನ್ನು ಎಳೆಯುವುದಿಲ್ಲ; ಪ್ರಜ್ಞೆಯೂ ಹಾಗೆಯೇ ಎಂದ. ಇದನ್ನು ಒಪ್ಪಿದರೆ, ‘ಹಲ್ಲು ನೋಯುತ್ತಿದೆ’ ಎಂದು ನಿಮ್ಮ ಬಾಯಿ ಆಡುವುದಕ್ಕೂ ನೋವು ಕಾರಣವಲ್ಲ ಎನ್ನಬೇಕಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇನ್ನೊಂದು ಆಕ್ಷೇಪ ಎತ್ತಿದ. ಅನುಭವಕ್ಕೆ ಕೆಲಸವೇ ಇಲ್ಲದಿದ್ದರೆ ಸುಟ್ಟರೆ ನೋವು, ಉಂಡರೆ ಹಿತ ಎಂಬ ಹೊಂದಾಣಿಕೆ ಎಲ್ಲಿಂದ ಬಂತು? ಸುಟ್ಟುಕೊಂಡಾಗ ಹಿತವೆನ್ನಿಸಿದರೂ ಕೈ ಹಿಂದಕ್ಕೆ ಬರುತ್ತಿತ್ತಲ್ಲ!

ಮೊದಲನೆಯದನ್ನು ಬಿಟ್ಟು ಕ್ವಾಂಟಮ್ ಭೌತಶಾಸ್ತ್ರದ ಆಸರೆ ಹಿಡಿದವರು ನೊಬೆಲ್ ಪುರಸ್ಕೃತ ಜಾನ್ ಎಕಲ್ಸ್. ಎರಡು ನರಕೋಶಗಳು ಕೂಡುವ ನರಸಂಧಿಯಲ್ಲಿ ರಾಸಾಯನಿಕದ ಚೀಲ ಒಡೆಯುವ ಸಂಭವವನ್ನಷ್ಟೇ ಮನಸ್ಸು ಹೆಚ್ಚಿಸುತ್ತದೆ, ಶಕ್ತಿಯೇನೂ ಖರ್ಚಾಗದು ಎಂಬುದು ಅವರ ಊಹೆ. ಜಾಣ ದಾರಿ, ಆದರೆ ಸಂಭವದ ಲೆಕ್ಕವೂ ಕ್ವಾಂಟಮ್ ನಿಯಮದ ಒಂದು ಭಾಗವೇ. ಅದನ್ನು ಹೊರಗಿನಿಂದ ಬದಲಿಸಿದರೆ ನಿಯಮ ಮುರಿದಂತೆಯೇ. ಸುಮಾರು 20 ವ್ಯಾಟ್‌ನಲ್ಲಿ ಓಡುವ ಮೆದುಳಿನಲ್ಲಿ ಅಂಥ ಮುರಿತ ಇದುವರೆಗೆ ಯಾರ ಅಳತೆಗೂ ಸಿಕ್ಕಿಲ್ಲ.

ನಾವು ಬಿಡುವುದು ಎರಡನೆಯದನ್ನು. ನೋವು ಎಂದರೆ ಆ ನರ ಚಟುವಟಿಕೆಯೇ. ಆಗ ಸ್ಪರ್ಧಿಸಲು ಎರಡು ಕಾರಣಗಳೇ ಇರುವುದಿಲ್ಲ, ನೋವು ಕೈಯನ್ನು ನಿಜಕ್ಕೂ ಎತ್ತುತ್ತದೆ. ಇದೂ ಪುಕ್ಕಟೆಯಲ್ಲ: ಆ ಚಟುವಟಿಕೆ ಒಳಗಿನಿಂದ ನೋವಾಗಿಯೇ ಏಕೆ ತೋರಬೇಕು ಎಂಬುದು ಹಾಗೆಯೇ ಉಳಿಯುತ್ತದೆ. ಬೇರೆ ಥರದ ನರವ್ಯೂಹವಿರುವ ಆಕ್ಟೋಪಸ್‌ಗೂ ನೋವಿದ್ದರೆ ‘ಆ ಚಟುವಟಿಕೆ’ ಯಾವುದು ಎಂದೂ ಹೇಳಬೇಕಾಗುತ್ತದೆ.

ಪ್ರಶ್ನೆ: ನಾವು ನಿರ್ಧರಿಸುವ ಮೊದಲೇ ಮೆದುಳು ನಿರ್ಧರಿಸಿರುತ್ತದೆ ಎಂದು ಪ್ರಯೋಗದಲ್ಲಿ ಸಾಬೀತಾಗಿದೆಯಂತೆ. ಅಲ್ಲಿಗೆ ಚರ್ಚೆ ಮುಗಿಯಿತಲ್ಲವೇ? — ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮುಗಿಯಲಿಲ್ಲ. ನೀವು ಹೇಳುತ್ತಿರುವುದು ಬೆಂಜಮಿನ್ ಲಿಬೆಟ್ ತಂಡದ 1983ರ ಪ್ರಯೋಗ. ನೆತ್ತಿಯ ಮೇಲೆ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಎಲೆಕ್ಟ್ರೋಡ್, ಮುಂಗೈ ಸ್ನಾಯುವಿನ ಮೇಲೆ ಇನ್ನೊಂದು. ಎದುರಿನ ಪರದೆಯಲ್ಲಿ ಬೆಳಕಿನ ಚುಕ್ಕೆಯೊಂದು 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ಮನಸ್ಸು ಬಂದಾಗ ಕೈ ಕೊಡವಬೇಕು, ಮನಸ್ಸು ಬಂದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತೆಂದು ಆಮೇಲೆ ಹೇಳಬೇಕು. ಹೀಗೆ 40 ಸಲ. ಸರಾಸರಿ ತೆಗೆದಾಗ ಮೆದುಳಿನ ಸಂಕೇತ ಸ್ನಾಯು ಮಿಡಿಯುವುದಕ್ಕಿಂತ ಸುಮಾರು 550 ಮಿಲಿಸೆಕೆಂಡ್ ಮೊದಲೇ ಏಳುತ್ತಿತ್ತು. ಜನ ಹೇಳಿದ ‘ಮನಸ್ಸು ಬಂದ ಕ್ಷಣ’ ಸುಮಾರು 200 ಮಿಲಿಸೆಕೆಂಡ್ ಮೊದಲು. ನಡುವಿನ 350ರ ಮೇಲೆಯೇ ಇಷ್ಟೆಲ್ಲ ಗಲಾಟೆ.

ಎಡವಟ್ಟು ಸರಾಸರಿಯಲ್ಲಿದೆ. ಈ ಸಂಕೇತ ಕೆಲವೇ ಮೈಕ್ರೋವೋಲ್ಟ್‌ನದು, ಮೆದುಳಿನ ಉಳಿದ ಅಲೆಗಳು ಅದಕ್ಕಿಂತ ದೊಡ್ಡವು. 40 ದಾಖಲೆಗಳನ್ನು ಸೇರಿಸಿದರೆ ಗದ್ದಲ 40ರ ವರ್ಗಮೂಲದಷ್ಟು, ಅಂದರೆ ಆರು ಪಟ್ಟು ಚಿಲ್ಲರೆ ತಗ್ಗುತ್ತದೆ. ಆಗಷ್ಟೇ ಏರುಗೆರೆ ಕಾಣುತ್ತದೆ. ಹಾಗಾಗಿ ಒಂದೊಂದು ಸಲವೂ 550ರಲ್ಲೇ ‘ತೀರ್ಮಾನ’ ಆಗಿತ್ತೆಂದು ಆ ಗೆರೆ ಹೇಳುವುದಿಲ್ಲ. ಮೇಲಾಗಿ ದಾಖಲೆಗಳನ್ನು ಕೈ ಅಲುಗಿದ ಕ್ಷಣಕ್ಕೆ ಜೋಡಿಸಿ ಹಿಂದಕ್ಕೆ ಓದಲಾಗಿದೆ. ಆರನ್ ಶುರ್ಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇದನ್ನೇ. ಗುರಿಯಿಲ್ಲದೆ ಏರಿಳಿಯುವ ಚಟುವಟಿಕೆ ಒಂದು ಮಿತಿ ದಾಟಿದಾಗ ಕೈ ಅಲುಗುತ್ತದೆ ಎಂದುಕೊಳ್ಳಿ. ಮಿತಿ ದಾಟಿದ ಸಂದರ್ಭಗಳನ್ನಷ್ಟೇ ಆರಿಸಿ ಹಿಂದಕ್ಕೆ ಸರಾಸರಿ ತೆಗೆದರೆ ಅದೇ ಏರುಗೆರೆ ತಾನಾಗಿ ಮೂಡುತ್ತದೆ. ಅದರ ಬುಡದಲ್ಲಿ ಯಾವ ತೀರ್ಮಾನವೂ ಇರಬೇಕಿಲ್ಲ.

ಚುಕ್ಕೆ ನೋಡಿ ಹೊತ್ತು ಹೇಳುವುದೂ ಅಷ್ಟು ನಂಬಿಕೆಯದಲ್ಲ. ಚರ್ಮಕ್ಕೆ ಸಣ್ಣ ಶಾಕ್ ಕೊಟ್ಟು ಕೇಳಿದಾಗಲೂ ಉತ್ತರ ಸರಾಸರಿ 50 ಮಿಲಿಸೆಕೆಂಡಿನಷ್ಟು ತಪ್ಪುತ್ತಿತ್ತು. 2008ರ, ಮೆದುಳಿನ ರಕ್ತದ ಹರಿವನ್ನು ಚಿತ್ರಿಸುವ ಎಫ್‌ಎಂಆರ್‌ಐ ಅಧ್ಯಯನದಲ್ಲಿ ಗುಂಡಿ ಒತ್ತುವುದು ಎಡಗೈಯೋ ಬಲಗೈಯೋ ಎಂಬುದನ್ನು ಹಲವು ಸೆಕೆಂಡು ಮೊದಲೇ ಊಹಿಸಿದ್ದು ನಿಜ, ಆದರೆ ಸರಿಯಾದದ್ದು 60 ಶೇಕಡಾದ ಆಸುಪಾಸು. ಕಣ್ಣು ಮುಚ್ಚಿ ಹೇಳಿದರೂ 50 ಬರುತ್ತದೆ.

ಇದೆಲ್ಲ ಸರಿಯಿದ್ದಿದ್ದರೂ ತೀರ್ಮಾನವಾಗುತ್ತಿದ್ದುದು ಒಂದು ಅನ್ನಿಸಿಕೆಯ ಹೊತ್ತು ಮಾತ್ರ. ‘ಕೈ ಕೊಡವುತ್ತೇನೆ’ ಎಂದು ಆ ವ್ಯಕ್ತಿ ಪ್ರಯೋಗಕ್ಕೆ ಒಪ್ಪಿ ಕುಳಿತದ್ದು ಯಾವ ಗೆರೆಯಲ್ಲೂ ದಾಖಲಾಗಿಲ್ಲ.

ಪ್ರಶ್ನೆ: ಸಕ್ಕರೆ ಗುಳಿಗೆಯಿಂದಲೂ ನೋವು ಇಳಿಯುತ್ತದಲ್ಲ, ಅದು ಮನಸ್ಸು ಜಡವಸ್ತುವನ್ನು ಗೆದ್ದಂತಲ್ಲವೇ? — ಔಷಧ ವ್ಯಾಪಾರಿ, ಶಿವಮೊಗ್ಗ

ಉತ್ತರ: 1978ರಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ಲೆವಿನ್, ಗೋರ್ಡನ್, ಫೀಲ್ಡ್ಸ್ ಇದನ್ನು ಪರೀಕ್ಷಿಸಿದರು. ಹುಸಿಮದ್ದಿನಿಂದ ನೋವು ಇಳಿದವರಿಗೆ ನಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಹೆಚ್ಚಿತು. ನಲೋಕ್ಸೋನ್ ತಡೆಯುವುದು ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳನ್ನು. ಅಂದರೆ ನಂಬಿಕೆ ಕೆಲಸ ಮಾಡಿದ್ದು ಮೆದುಳಿನದೇ ಮಾರ್ಫಿನ್‌ನಂಥ ರಾಸಾಯನಿಕಗಳ ಮೂಲಕ. ನಂಬಿಕೆಗೆ ಪರಿಣಾಮವಿದೆ, ಅದರ ದಾರಿ ಭೌತಿಕವೇ. ಆದ್ದರಿಂದಲೇ ನೋವು, ವಾಕರಿಕೆಗಳ ಮೇಲೆ ಅದು ನಡೆಯುತ್ತದೆ. ಗಡ್ಡೆ ಕರಗಿಸಲು ಹೋದರೆ ಸೋಲುತ್ತದೆ.

ಪ್ರಶ್ನೆ: ಸಾಂಖ್ಯರ ಪುರುಷನೂ ಏನೂ ಮಾಡದ ಸಾಕ್ಷಿಯಲ್ಲವೇ? — ನಿವೃತ್ತ ಸಂಸ್ಕೃತ ಅಧ್ಯಾಪಕರು, ಉಡುಪಿ

ಉತ್ತರ: ಹೌದು. ಸಾಂಖ್ಯ ದರ್ಶನದಲ್ಲಿ ಪುರುಷ ಎಂದರೆ ಶುದ್ಧ ಚೇತನ, ಪ್ರಕೃತಿ ಎಂದರೆ ಜಡಜಗತ್ತಿನ ಮೂಲ. ಆದರೆ ಹಕ್ಸ್‌ಲಿಗೆ ಪ್ರಜ್ಞೆ ಮೆದುಳಿನ ಫಲ, ಸಾಂಖ್ಯರ ಪುರುಷ ಯಾವುದರ ಫಲವೂ ಅಲ್ಲ. ಬುದ್ಧಿ, ಅಹಂಕಾರ, ಮನಸ್ಸುಗಳನ್ನು ಅವರು ಪ್ರಕೃತಿಯ ಪಾಲಿಗೆ ಕೊಟ್ಟರು. ಬ್ರಹ್ಮಸೂತ್ರದ ‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’ ಇದಕ್ಕೆ ಎದುರಾಡುತ್ತದೆ: ಜೀವ ಕರ್ತನಲ್ಲದಿದ್ದರೆ ‘ಇದನ್ನು ಮಾಡು’ ಎನ್ನುವ ಶಾಸ್ತ್ರ ವ್ಯರ್ಥ. ನಿಮ್ಮೂರಿನ ಮಧ್ವಾಚಾರ್ಯರು ಜೀವನಿಗೆ ಕರ್ತೃತ್ವ ಉಂಟು, ಆದರೆ ಅದು ಪರಾಧೀನ ಎಂದರು. ಎಲ್ಲ ಮಾಡಿಸುವವನು ಹರಿಯಾದರೆ ಜೀವನ ಪಾಲೇನು ಎಂಬಲ್ಲಿ ಕಿಮ್ ಎತ್ತಿದ ತೊಡಕೇ ಬೇರೆ ವೇಷದಲ್ಲಿ ಎದ್ದು ನಿಲ್ಲುತ್ತದೆ. ಒಂದು ಸ್ವತಂತ್ರ, ಇನ್ನೊಂದು ಅದಕ್ಕೆ ಅಧೀನವಾದದ್ದರಿಂದ ಎರಡು ಕಾರಣಗಳು ಜಗಳವಾಡುವುದಿಲ್ಲ ಎಂಬ ಮಾಧ್ವ ಧಾಟಿಯ ಉತ್ತರವನ್ನು ಕಿಮ್‌ರ ಎದುರಾಳಿಗಳಲ್ಲೂ ಕೆಲವರು ಬೇರೆ ಪರಿಭಾಷೆಯಲ್ಲಿ ಕೊಡುತ್ತಾರೆ.