ಆಸ್ಟ್ರೇಲಿಯಾದ ಪಿಆರ್‌ಗೆ (ಕಾಯಂ ನೆಲೆಸುವ ಅನುಮತಿಗೆ) ಸ್ಪಾನ್ಸರ್ ಮಾಡಲು ಮಾಲೀಕರು ದುಡ್ಡು ಕೇಳಿದರೆ ಕೊಡಬೇಕಾ?

ನೀವು ಕಾರವಾರದವರು, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 482 ವೀಸಾದಲ್ಲಿ (ಮಾಲೀಕರು ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ) ಶೆಫ್. ಎರಡು ವರ್ಷ ತುಂಬುತ್ತಾ ಬಂದಿದೆ, ಈಗ ರಜೆಗೆ ಊರಲ್ಲಿದ್ದೀರಿ. ಪಿಆರ್‌ಗೆ ನಾಮಿನೇಟ್ ಮಾಡಬೇಕಾದರೆ ‘ಖರ್ಚು’ ನೀವೇ ಕೊಡಬೇಕು ಅಂತ ಮಾಲೀಕರು ಹೇಳಿದ್ದಾರೆ. ಕೊಡಲಾ, ಮೊದಲು ಕೆಲಸ ಮಾಡಿದ ಗೋವಾದ ಹೋಟೆಲಿನ ಅನುಭವ ಪತ್ರವೂ ಬೇಕಾ ಅಂತ ಕೇಳಿದ್ದೀರಿ.

ದುಡ್ಡು ಕೊಡಬೇಡಿ. ನಾನು ಅಂಕೋಲಾದವನು, ನೀವು ಹಾಕಬೇಕಾದ 186 ವೀಸಾದಲ್ಲೇ (ಮಾಲೀಕರು ನಾಮಿನೇಟ್ ಮಾಡಿ ಸಿಗುವ ಕಾಯಂ ವೀಸಾ) ಪಿಆರ್ ಆದವನು.

ಇದರಲ್ಲಿ ಎರಡು ಅರ್ಜಿ ಇರುತ್ತವೆ. ನಾಮಿನೇಷನ್ ಮಾಲೀಕರದು, ವೀಸಾ ಅರ್ಜಿ ನಿಮ್ಮದು. ವೀಸಾ ಶುಲ್ಕ, ಮೆಡಿಕಲ್, ಇಂಗ್ಲಿಷ್ ಪರೀಕ್ಷೆ ಇವೆಲ್ಲ ನೀವು ಕಟ್ಟಬಹುದು. ಆದರೆ ನಾಮಿನೇಷನ್ ಜೊತೆ ‘ಸ್ಕಿಲ್ಲಿಂಗ್ ಆಸ್ಟ್ರೇಲಿಯನ್ಸ್ ಫಂಡ್’ ಅಂತ ಒಂದು ಲೆವಿ (ಸರ್ಕಾರಕ್ಕೆ ಕಟ್ಟುವ ಶುಲ್ಕ) ಇದೆ. ಮಾಲೀಕರ ವರ್ಷದ ವ್ಯವಹಾರ 1 ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ 3,000 ಡಾಲರ್, ಇಲ್ಲದಿದ್ದರೆ 5,000. ಅದನ್ನು ಮಾಲೀಕರೇ ಕಟ್ಟಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಬಹುಶಃ ಅವರು ‘ಖರ್ಚು’ ಅನ್ನುತ್ತಿರುವುದು ಇದನ್ನೇ.

ಅದರ ಮೇಲೆ ಸ್ಪಾನ್ಸರ್ ಮಾಡಿದ್ದಕ್ಕೆ ಅಂತಲೇ ದುಡ್ಡು ಕೇಳಿದರೆ ವಿಷಯ ಇನ್ನೂ ಗಂಭೀರ. 2015ರ ಡಿಸೆಂಬರ್‌ನಿಂದ ಅಲ್ಲಿ ಅದು ಕಾನೂನಿಗೆ ವಿರುದ್ಧ. ಕೇಳುವವರಿಗೆ ಮಾತ್ರ ಅಲ್ಲ, ಕೊಟ್ಟವರಿಗೂ ದಂಡ ಬೀಳಬಹುದು, ವೀಸಾ ರದ್ದಾಗಬಹುದು. ನಗದು ಕೊಡಿ, ಇಲ್ಲವೇ ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ ಅನ್ನುವ ಮಾತಿಗೂ ಒಪ್ಪಬೇಡಿ.

ಬೇಡ ಅಂದರೆ ಕೆಲಸದಿಂದ ತೆಗೆದರೆ? ಆ ಭಯ ಎಲ್ಲರಿಗೂ ಇದ್ದದ್ದೇ. ಆದರೆ 2024ರ ಜುಲೈ 1ರಿಂದ ಕೆಲಸ ಹೋದ ಮೇಲೆ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಬೇರೆ ಸ್ಪಾನ್ಸರ್ ಹುಡುಕಲು ಸಿಗುತ್ತದೆ. ಮೊದಲು ಅದು ಬರೀ 60 ದಿನ ಇತ್ತು. ಪಿಆರ್‌ಗೆ ಕಳೆದ ಮೂರು ವರ್ಷದಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು ಅನ್ನುವ ಲೆಕ್ಕಕ್ಕೂ ಈಗ ಒಬ್ಬರೇ ಮಾಲೀಕರು ಬೇಕಿಲ್ಲ, ಅನುಮೋದನೆ ಇರುವ ಬೇರೆ ಸ್ಪಾನ್ಸರ್ ಹತ್ತಿರ ಮಾಡಿದ್ದೂ ಸೇರುತ್ತದೆ. ಅಡುಗೆಯವರಿಗೆ ಅಲ್ಲಿ ಕೆಲಸಕ್ಕೇನು ಬರಗಾಲವಿಲ್ಲ.

ಅಂದಹಾಗೆ, ಈಗಿನದು ಸಂಬಳದ ರಜೆ ತಾನೇ? ಸಂಬಳ ಇಲ್ಲದ ರಜೆ ಎರಡು ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಹಬ್ಬ ಅಂತ ಸುಮ್ನೆ ತಿಂಗಳುಗಟ್ಟಲೆ ಉಳಿಯುವ ಮೊದಲು ಇದನ್ನು ನೋಡಿಕೊಳ್ಳಿ. ವಯಸ್ಸು 45ರ ಒಳಗಿರಬೇಕು, ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಬರೆದರೆ ನಾಲ್ಕೂ ವಿಭಾಗದಲ್ಲಿ 6 ಬೇಕು.

ಗೋವಾದ ಹೋಟೆಲಿನ ಅನುಭವ ಪತ್ರ ಈ ಎರಡು ವರ್ಷದ ದಾರಿಗೆ ಸಾಮಾನ್ಯವಾಗಿ ಬೇಡ. ಎರಡು ವರ್ಷ ತುಂಬದೆ 186ರದ್ದೇ ಇನ್ನೊಂದು ದಾರಿಯಾದ ‘ಡೈರೆಕ್ಟ್ ಎಂಟ್ರಿ’ಗೆ ಹೋಗುವುದಾದರೆ ಬೇಕು, ಆಗ ಮೂರು ವರ್ಷದ ಅನುಭವ ಮತ್ತು ಸ್ಕಿಲ್ ಅಸೆಸ್‌ಮೆಂಟ್ (ಕೌಶಲದ ಮೌಲ್ಯಮಾಪನ) ಎರಡನ್ನೂ ಕೇಳುತ್ತಾರೆ. ಹೇಗೂ ಮಾಜಾಳಿ ದಾಟಿದರೆ ಗೋವಾ, ಹೋಗಿ ತಂದಿಟ್ಟುಕೊಳ್ಳಿ. ಹೆಂಡತಿ ಮಕ್ಕಳನ್ನೂ ಸೇರಿಸುವುದಿದ್ದರೆ ದಾಖಲೆಗಳಲ್ಲಿ ಅಡ್ಡಹೆಸರು ಸರಿಯಿದೆಯಾ ನೋಡಿ. ನಮ್ಮ ಕಡೆ ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ ಅಂತ ಇರುವುದು ಜಾಸ್ತಿ. ತಿದ್ದಿಸುವುದಿದ್ದರೆ ಊರಲ್ಲಿರುವಾಗಲೇ ತಿದ್ದಿಸಿ, ಅಲ್ಲಿಂದ ಫೋನ್ ಮಾಡಿ ಮಾಡಿಸುವ ಕೆಲಸ ಅಲ್ಲ ಅದು.