ತೊರಕೆ ಮಾಡಿದ ತಪ್ಪೇನು?

ಹೋದ ಸಂಚಿಕೆಯಲ್ಲಿ ಸ್ಟೀವ್ ಇರ್ವಿನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಟಿವಿಯಲ್ಲಿ ಮೊಸಳೆ ಹಿಡಿಯುತ್ತಿದ್ದ ಆಸ್ಟ್ರೇಲಿಯಾದ ಆ ಖಾಕಿ ಚಡ್ಡಿಯ ಮನುಷ್ಯ, 2006ರ ಸೆಪ್ಟೆಂಬರ್ 4ರಂದು ಕಡಲಲ್ಲಿ ತೊರಕೆ (ಸ್ಟಿಂಗ್‌ರೇ) ಮೀನಿನ ಬಾಲದ ಮುಳ್ಳು ಎದೆಗೆ ಚುಚ್ಚಿ ಸತ್ತಾಗ ಲೋಕವೇ ಅತ್ತಿತ್ತು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಸಾಲ, ಸೊಸೆ, ಕ್ರಿಕೆಟ್ ಪ್ರಶ್ನೆಗಳೆಲ್ಲ ಈ ಸಲ ಪಕ್ಕಕ್ಕೆ.

ನಾನು ಹುಟ್ಟಿದ್ದೇ 2006ರಲ್ಲಿ. ರೀಲ್ಸ್‌ನಲ್ಲಿ ಇವರ ತುಣುಕು ನೋಡಿದ್ದೀನಿ, ಮಜಾ ಇದೆ. ಆದ್ರೆ ಟಿವಿ ಶೋ ಮಾಡೋರು ಸತ್ರೆ ಲೋಕವೆಲ್ಲ ಅಳೋದಾ? ಸ್ವಲ್ಪ ಜಾಸ್ತಿ ಆಯ್ತು ಅನಿಸಲ್ವಾ?
— ಕಾಲೇಜು ವಿದ್ಯಾರ್ಥಿ, ತುಮಕೂರು

ತಮ್ಮಾ, ನಿಮಗೆ ಬೆರಳು ಜಾರಿಸಿದರೆ ಇನ್ನೊಬ್ಬರು ಬರುತ್ತಾರೆ. ಆಗ ಹಾಗಿರಲಿಲ್ಲ. ಮನೆಗೊಂದೇ ಟಿವಿ, ದೊಡ್ಡವರ ಸೀರಿಯಲ್ ಮುಗಿದ ಮೇಲೆ ಮಕ್ಕಳ ಕೈಗೆ ರಿಮೋಟು ಸಿಗಬೇಕು, ಆಮೇಲೆ ಅನಿಮಲ್ ಪ್ಲಾನೆಟ್. ಅಲ್ಲಿನ ಉಳಿದ ಕಾರ್ಯಕ್ರಮಗಳಲ್ಲಿ ಪ್ರಾಣಿ ಮಾತ್ರ ಕಾಣಿಸುತ್ತಿತ್ತು, ಮಾತಾಡುವವರದ್ದು ಬರೀ ಒಂದು ಗಂಭೀರ ದನಿ. ಈ ಮನುಷ್ಯ ಮಾತ್ರ ಕೆಸರಲ್ಲಿ ಬಿದ್ದು ಹೊರಳಾಡಿ, ಏದುಸಿರು ಬಿಡುತ್ತಾ ಕ್ಯಾಮೆರಾ ಹತ್ತಿರ ಮುಖ ತಂದು, ಇದನ್ನು ಇವತ್ತು ನಿಮಗೊಬ್ಬರಿಗೇ ಹೇಳುತ್ತಿದ್ದೀನಿ ಅನ್ನುವ ಹಾಗೆ ಮಾತಾಡುತ್ತಿದ್ದರು. ಇಂಗ್ಲಿಷ್ ಅರ್ಧ ಅರ್ಥವಾದರೆ ಅರ್ಧ ಆಗುತ್ತಿರಲಿಲ್ಲ. ಅವರ ಖುಷಿ ಪೂರ್ತಿ ಅರ್ಥವಾಗುತ್ತಿತ್ತು.

ಇನ್ನೊಂದು ವಿಷಯ. ಜನರಿಗೆ ಅವರೊಬ್ಬರೇ ಅಲ್ಲ, ಮನೆಮಂದಿಯೆಲ್ಲ ಗೊತ್ತಿದ್ದರು. 1992ರಲ್ಲಿ ಮದುವೆಯಾಗಿ ಹನಿಮೂನ್ ಅಂತ ಹೋಗಿದ್ದೇ ಮೊಸಳೆ ಹಿಡಿಯಲಿಕ್ಕೆ, ಆಗ ತೆಗೆದ ದೃಶ್ಯಗಳಿಂದಲೇ ಆ ಸರಣಿ ಶುರುವಾಗಿದ್ದು. ಹೆಂಡತಿ ಟೆರ್ರಿ ಎಷ್ಟೋ ಸಾಹಸಗಳಲ್ಲಿ ಜೊತೆಗಿದ್ದರು. ಮಗಳು ಬಿಂಡಿ ತೊಡೆ ಮೇಲಿನ ಕೂಸಾಗಿದ್ದಾಗಿನಿಂದ ಟಿವಿಯಲ್ಲಿ ಬೆಳೆದವಳು. ಸತ್ತಾಗ ಅವರಿಗೆ 44, ಮಗಳಿಗೆ 8, ಮಗ ರಾಬರ್ಟ್‌ಗೆ ಇನ್ನೂ 3 ತುಂಬಿರಲಿಲ್ಲ. ಇದೆಲ್ಲ ಗೊತ್ತಿದ್ದವರಿಗೆ ಆ ಸುದ್ದಿ ಬರೀ ಸುದ್ದಿಯಾಗಿ ಕೇಳಿಸಲಿಲ್ಲ.

ಸತ್ತ ರೀತಿಯೂ ಹಾಗೇ ಇತ್ತು. ಮೊಸಳೆ ಬಾಯಿಗೆ ಸಿಕ್ಕಿ ಸತ್ತಿದ್ದರೆ, ಅಯ್ಯೋ ಪಾಪ, ಒಂದಲ್ಲ ಒಂದು ದಿನ ಆಗುವುದೇ ಇತ್ತು ಅಂತ ಜನ ಅನ್ನುತ್ತಿದ್ದರೇನೋ. ಆದರೆ ಇದು ಮರಳಲ್ಲಿ ಮಲಗಿರುವ, ತನ್ನ ಪಾಡಿಗೆ ತಾನಿರುವ ಮೀನು. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್‌ನ ಬ್ಯಾಟ್ ರೀಫ್ ಅನ್ನುವ ಜಾಗ, ಆಳ ಇಲ್ಲದ ನೀರು. ದೊಡ್ಡ ಚಿತ್ರೀಕರಣ ಹವಾಮಾನ ಸರಿಯಿಲ್ಲ ಅಂತ ನಿಂತಿತ್ತು. ಸುಮ್ನೆ ಕೂರುವುದು ಯಾಕೆ, ಮಗಳ ಕಾರ್ಯಕ್ರಮಕ್ಕಾದರೂ ನಾಲ್ಕು ದೃಶ್ಯ ತೆಗೆಯೋಣ ಅಂತ ನೀರಿಗಿಳಿದಿದ್ದು. ಬಹಳ ಜನ ಮೊದಲು ಇದನ್ನು ನಂಬಲೇ ಇಲ್ಲ, ಯಾರೋ ಹಬ್ಬಿಸಿದ ಗಾಳಿಮಾತು ಅಂದುಕೊಂಡರು.

ಆಮೇಲೆ ಕ್ವೀನ್ಸ್‌ಲ್ಯಾಂಡಿನ ಬೀರ್ವಾ ಊರಲ್ಲಿರುವ ಅವರ ಮೃಗಾಲಯದ ಬಾಗಿಲಿಗೆ ಜನ ಬರತೊಡಗಿದರು. ಹೂವು ತಂದರು, ಮೊಸಳೆ ಬೊಂಬೆ ತಂದರು, ಖಾಕಿ ಅಂಗಿಗಳ ಮೇಲೆ ಪೆನ್ನಲ್ಲಿ ಬರೆದು ನೇತು ಹಾಕಿದರು. ಆ ರಸ್ತೆಯಲ್ಲಿ ಎಷ್ಟು ಗಾಡಿ ಸೇರಿದವು ಅಂದರೆ ಪೊಲೀಸರು ವೇಗದ ಮಿತಿ ಇಳಿಸಬೇಕಾಯಿತು. ಸಿಡ್ನಿ ಹಾರ್ಬರ್ ಸೇತುವೆ ಮೇಲೆ ಬಾವುಟ ಅರ್ಧಕ್ಕೆ ಇಳಿಯಿತು. ಜಾಸ್ತಿ ಆಯ್ತಾ? ನನಗೆ ಹಾಗನಿಸುವುದಿಲ್ಲ.

ಅಣ್ಣಾವ್ರು ಹೋಗಿದ್ದೂ ಅದೇ ವರ್ಷ. ಇಲ್ಲಿ ಏನೇನಾಯಿತು ಅಂತ ಕಣ್ಣಾರೆ ಕಂಡವಳು ನಾನು. ಅಲ್ಲಿ ಗಲಾಟೆ ಗಿಲಾಟೆ ಏನೂ ಆಗಲಿಲ್ಲವೇ?
— ಗೃಹಿಣಿ, ರಾಜಾಜಿನಗರ, ಬೆಂಗಳೂರು

ಅಕ್ಕಾ, ಆ ಏಪ್ರಿಲ್ 12 ಮತ್ತು 13 ಬೆಂಗಳೂರಿನವರು ಮರೆಯುವ ದಿನಗಳಲ್ಲ. ಬಸ್ಸು ಸುಟ್ಟವು, ಗಾಜು ಒಡೆದವು. ಕರ್ತವ್ಯದಲ್ಲಿದ್ದ ಪೊಲೀಸ್ ಪೇದೆಯೊಬ್ಬರೂ ಸೇರಿ ಎಂಟು ಜನ ಸತ್ತರು. ಜೀವನವಿಡೀ ‘ಅಭಿಮಾನಿ ದೇವರುಗಳು’ ಅಂದವರ ಅಂತ್ಯಕ್ರಿಯೆ ಹಾಗಾಯಿತು.

ಆಸ್ಟ್ರೇಲಿಯಾದಲ್ಲಿ ಅಂಥದ್ದು ನಡೆಯಲಿಲ್ಲ. ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡುತ್ತೇವೆ ಅಂತ ಸರ್ಕಾರದವರು ಮುಂದೆ ಬಂದಾಗ ತಂದೆ ಬಾಬ್ ಇರ್ವಿನ್ ಬೇಡ ಅಂದರು. ಮಗ ತಾನೊಬ್ಬ ಸಾಮಾನ್ಯ ಮನುಷ್ಯ ಅಂತಲೇ ಅಂದುಕೊಂಡಿದ್ದ, ಹಾಗೇ ನೆನಪಿಟ್ಟುಕೊಳ್ಳಿ ಅನ್ನುವ ಅರ್ಥದ ಮಾತು ಹೇಳಿದರು. ಸೆಪ್ಟೆಂಬರ್ 9ರಂದು ಮನೆಯವರಷ್ಟೇ ಸೇರಿ ಅಂತ್ಯಕ್ರಿಯೆ ಮುಗಿಸಿದರು. ಸಾರ್ವಜನಿಕರ ಸಭೆ ನಡೆದಿದ್ದು 20ಕ್ಕೆ, ದಿನಾ ಮೊಸಳೆಗಳಿಗೆ ಊಟ ಹಾಕಿ ತೋರಿಸುವ ಬಯಲು ರಂಗದಲ್ಲೇ. ಐದು ಸಾವಿರಕ್ಕೂ ಹೆಚ್ಚು ಜನ ಕೂತಿದ್ದರು, ಲೆಕ್ಕವಿಲ್ಲದಷ್ಟು ಜನ ಟಿವಿಯಲ್ಲಿ ನೋಡಿದರು. ಎಂಟು ವರ್ಷದ ಬಿಂಡಿ ಎದ್ದು ನಿಂತು, ಅಪ್ಪ ನನ್ನ ಹೀರೋ ಅಂತ ಓದಿದಳು. ಅಷ್ಟು ಚಿಕ್ಕ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಬೇಕಿತ್ತೇ ಅಂತ ನನಗೂ ಅನಿಸಿತ್ತು. ಆದರೆ ಆ ಮಗು ಹುಟ್ಟಿದಾಗಿನಿಂದ ಕ್ಯಾಮೆರಾ ಮುಂದೆಯೇ ಇದ್ದವಳು, ನಮ್ಮ ಮನೆ ಮಕ್ಕಳ ಅಳತೆಯಲ್ಲಿ ಅಳೆಯುವುದು ಸರಿಯಲ್ಲವೇನೋ.

ಹಾಗಂತ ಎಲ್ಲ ಶಾಂತವಾಗಿ ನಡೆಯಿತು ಅನ್ನುವ ಹಾಗಿಲ್ಲ. ಸಾವಿನ ಮುಂದಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಕಡಲತೀರದಲ್ಲಿ ತೊರಕೆಗಳು ಸತ್ತು ಬಿದ್ದಿದ್ದವು. ಕನಿಷ್ಠ ಹತ್ತು, ಅವುಗಳಲ್ಲಿ ಕೆಲವಕ್ಕೆ ಬಾಲವೇ ಇರಲಿಲ್ಲ. ಬಲೆಗೆ ಬಿದ್ದ ತೊರಕೆಯ ಬಾಲವನ್ನು ಮೀನುಗಾರರು ಕತ್ತರಿಸುವುದೂ ಉಂಟು, ಹಾಗಾಗಿ ಅಷ್ಟೂ ಸೇಡಿನ ಕೊಲೆ ಅಂತ ಹೇಳಲಾಗದು. ಆದರೆ ಇರ್ವಿನ್ ಕಟ್ಟಿದ ವನ್ಯಜೀವಿ ಸಂಸ್ಥೆಯವರೇ ಎದ್ದು ಬಂದು, ಅವರ ಹೆಸರಲ್ಲಿ ದಯವಿಟ್ಟು ಇದನ್ನು ಮಾಡಬೇಡಿ, ಅವರು ಬಯಸುತ್ತಿದ್ದುದಕ್ಕೆ ಇದು ತೀರಾ ವಿರುದ್ಧ ಅಂತ ಬೇಡಿಕೊಂಡರು. ಅಂದರೆ ನೋಡಿ, ಹತ್ತು ವರ್ಷ ಇವರ ಕಾರ್ಯಕ್ರಮ ನೋಡಿ ಬೆಳೆದ ಜನರಲ್ಲಿ ಕೆಲವರಿಗೆ ಕೊನೆಗೂ ಇಷ್ಟವಾಗಿದ್ದು ಇವರು ಮಾತ್ರ, ಇವರು ತೋರಿಸಿದ ಪ್ರಾಣಿ ಅಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಸಿಟ್ಟು ಬಂದಾಗ ಬಸ್ಸೇನು ಮಾಡಿತ್ತು, ಮೀನೇನು ಮಾಡಿತ್ತು ಅಂತ ಯಾರೂ ಕೇಳಿಕೊಳ್ಳುವುದಿಲ್ಲ.

ಅಪ್ಪು ಹೋದಾಗ ಬೇರೆ ಥರ ಆಯ್ತಲ್ವಾ? 2021ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಾಂತರ ಜನ ಸಾಲು ನಿಂತರು, ಅವರ ಕಣ್ಣು ದಾನವಾದದ್ದು ನೋಡಿ ಎಷ್ಟೋ ಊರಲ್ಲಿ ಜನ ಕಣ್ಣು ಕೊಡುತ್ತೇವೆ ಅಂತ ಹೆಸರು ಬರೆಸಿದರು.

ಮಲ್ಪೆಯಲ್ಲಿ ನಾವು ತೊರಕೆ ಪುಳಿಮುಂಚಿ ಮಾಡಿ ತಿನ್ನುವವರು. ಅದು ಮನುಷ್ಯನನ್ನು ಕೊಲ್ಲುತ್ತದೆ ಅಂದರೆ ನಗು ಬರ್ತದೆ ಮಾರಾಯ್ರೆ.
— ಬೋಟಿನವರು, ಉಡುಪಿ ಜಿಲ್ಲೆ

ನಗಬೇಡಿ. ಬಾಲದ ಮುಳ್ಳು ಚುಚ್ಚಿದರೆ ಎಷ್ಟು ಉರಿ ಅಂತ ನಿಮಗೆ ನಾನು ಹೇಳಬೇಕೇ? ಆ ಮುಳ್ಳಿಗೆ ಗರಗಸದ ಹಾಗೆ ಹಲ್ಲಿರುತ್ತದೆ, ಮೇಲೆ ವಿಷವೂ ಇದೆ. ಸಾಮಾನ್ಯವಾಗಿ ಕಾಲಿಗೆ, ಕೈಗೆ ಚುಚ್ಚುತ್ತದೆ, ತಡೆಯಲಾಗದ ನೋವು, ಆದರೆ ಜೀವಕ್ಕೆ ಅಪಾಯ ಅಪರೂಪ. ಗಾಯವನ್ನು ಸಹಿಸುವಷ್ಟು ಬಿಸಿ ನೀರಲ್ಲಿಟ್ಟರೆ ನೋವು ಇಳಿಯುತ್ತದೆ, ಆ ವಿಷ ಬಿಸಿಗೆ ಹಾಳಾಗುವಂಥದ್ದು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದರೆ ಕೀವು ಹಿಡಿಯುತ್ತದೆ. ಎದೆಗೋ ಹೊಟ್ಟೆಗೋ ಚುಚ್ಚಿ ಮುಳ್ಳು ಅಲ್ಲೇ ಇದ್ದರೆ ಕೀಳಬಾರದು.

ಇರ್ವಿನ್ ವಿಷಯದಲ್ಲಿ ಅದು ನೇರ ಹೃದಯಕ್ಕೆ ತಗುಲಿತು. ತೊರಕೆಯಿಂದ ಸತ್ತವರು ಆಸ್ಟ್ರೇಲಿಯಾದ ದಾಖಲೆಯಲ್ಲೂ ಬೆರಳೆಣಿಕೆಯಷ್ಟೇ. ನೀರಲ್ಲಿ ಜೊತೆಗಿದ್ದ ಕ್ಯಾಮೆರಾಮನ್ ಜಸ್ಟಿನ್ ಲಯನ್ಸ್ ಹೇಳಿದ ಪ್ರಕಾರ, ಹಿಂದಿನಿಂದ ಬಂದ ನೆರಳನ್ನು ಆ ಮೀನು ಬಹುಶಃ ಟೈಗರ್ ಶಾರ್ಕ್ ಅಂದುಕೊಂಡಿತು. ಆ ಶಾರ್ಕ್‌ಗಳು ತೊರಕೆಯನ್ನು ತಿನ್ನುತ್ತವೆ. ಹೆದರಿದ ಮೀನು ಬಾಲ ಬೀಸಿತು, ಅಷ್ಟೇ.

ಜರ್ಮೇನ್ ಗ್ರೀರ್ ಬರೆದದ್ದನ್ನು ಆಗಲೇ ಓದಿದ್ದೆ. ಪ್ರಾಣಿಗಳನ್ನು ಕೆಣಕಿ ಹಣ ಮಾಡಿದವರಿಗೆ ಆಗಬೇಕಾದ್ದೇ ಆಯಿತು ಎಂಬಂತೆ ಆಕೆ ಹೇಳಿದ್ದರಲ್ಲಿ ತಪ್ಪೇನಿದೆ?
— ನಿವೃತ್ತ ಅಧ್ಯಾಪಕರು, ಧಾರವಾಡ

ಮೇಷ್ಟ್ರೇ, ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ. ಆಸ್ಟ್ರೇಲಿಯಾದಲ್ಲೇ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಈ ಲೇಖಕಿ, ಸಾವಿನ ಮಾರನೇ ದಿನವೇ ಗಾರ್ಡಿಯನ್ ಪತ್ರಿಕೆಯಲ್ಲಿ, ಪ್ರಾಣಿಲೋಕ ಕೊನೆಗೂ ಇರ್ವಿನ್ ಮೇಲೆ ಸೇಡು ತೀರಿಸಿಕೊಂಡಿತು ಅಂತ ಬರೆದರು. ಬೈಗುಳದ ಮಳೆಯೇ ಸುರಿಯಿತು. ಹೆಣ ಇನ್ನೂ ಮಣ್ಣಾಗುವ ಮೊದಲೇ ಇದೆಲ್ಲ ಬೇಕಿತ್ತೇ ಅಂತ ರಾಜಕಾರಣಿಗಳೂ ಸಿಟ್ಟಾದರು.

ಆಕೆಯ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಹಾವಿನ ಬಾಲ ಹಿಡಿದು ಎತ್ತುವುದು, ಮಲಗಿದ ಪ್ರಾಣಿಯನ್ನು ಎಬ್ಬಿಸುವುದು, ಇದರಲ್ಲಿ ಪ್ರಾಣಿಗೇನು ಲಾಭ? 2004ರ ಜನವರಿಯಲ್ಲಿ ಒಂದು ತಿಂಗಳ ಮಗನನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಮೊಸಳೆಗೆ ಮಾಂಸ ಹಾಕಿದ್ದನ್ನು ನಾನಂತೂ ಒಪ್ಪುವುದಿಲ್ಲ, ಎಷ್ಟೇ ಅನುಭವ ಇರಲಿ. ಕೇಸು ಆಗಲಿಲ್ಲ, ಆದರೆ ಆಮೇಲೆ ಅಲ್ಲಿ ಮಕ್ಕಳನ್ನು ಮೊಸಳೆ ಆವರಣದೊಳಗೆ ಕರೆದೊಯ್ಯುವ ಹಾಗಿಲ್ಲ ಅಂತ ನಿಯಮ ಬಂತು. ಸತ್ತರು ಅಂದ ಮಾತ್ರಕ್ಕೆ ಇದನ್ನೆಲ್ಲ ಮರೆಯಬೇಕಿಲ್ಲ.

ಹಣದ ಮಾತು ಮಾತ್ರ ಸರಿಯಲ್ಲ. ಬಂದ ದುಡ್ಡಲ್ಲಿ ದೊಡ್ಡ ಪಾಲನ್ನು ಅವರು ಕಾಡುಭೂಮಿ ಕೊಂಡು ಹಾಗೇ ಬಿಡಲಿಕ್ಕೆ ಹಾಕಿದರು. ಕಾರು ಬಂಗಲೆ ಅಂತ ಹೋಗಲಿಲ್ಲ.

ಇನ್ನು ‘ಸೇಡು’. ಇಲ್ಲೇ ನಾನು ಆಕೆಯಿಂದ ಬೇರೆಯಾಗುವುದು. ಸಭ್ಯತೆ, ಸಮಯ ಅದೆಲ್ಲ ಆಮೇಲಿನ ಮಾತು. ತೊರಕೆಗೆ ಇರ್ವಿನ್ ಯಾರು ಅಂತ ಗೊತ್ತಿಲ್ಲ. ಅದು ಯಾವ ಲೋಕದ ಪರವಾಗಿಯೂ ತೀರ್ಪು ಕೊಡಲಿಲ್ಲ. ಲಂಡನ್ ಪತ್ರಿಕೆಯಲ್ಲಿ ಅಂಕಣ ಬರೆದವರೂ ಕ್ವೀನ್ಸ್‌ಲ್ಯಾಂಡಿನ ತೀರದಲ್ಲಿ ಚಾಕು ಹಿಡಿದವರೂ ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸುವ ಜನ, ಆದರೆ ಇಬ್ಬರೂ ನಂಬಿದ್ದು ಒಂದೇ: ಮೀನು ಬೇಕಂತಲೇ ಮಾಡಿತು ಅಂತ. ಆಕೆ ಅದಕ್ಕೆ ಚಪ್ಪಾಳೆ ತಟ್ಟಿದರು, ಇವರು ಅದರ ಬಾಲ ಕತ್ತರಿಸಿದರು. ಅಪಾಯದ ಪ್ರಾಣಿಗಳು ದುಷ್ಟ ಅಲ್ಲ, ಹೆದರಿದಾಗ ತಿರುಗಿ ಬೀಳುತ್ತವೆ ಅಂತ ಇರ್ವಿನ್ ಎಷ್ಟು ವರ್ಷ ಕಿರುಚಿದರು ಪಾಪ.

ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿಯ ಸಹೋದ್ಯೋಗಿಗಳು ಅವರ ಹೆಸರೆತ್ತಿದರೆ ಪ್ರೀತಿಯಿಂದ ಮಾತಾಡ್ತಾರೆ, ಆದರೆ ಬದುಕಿದ್ದಾಗ ಅವರನ್ನು ನೋಡಿ ನಾಚಿಕೆ ಆಗ್ತಿತ್ತು ಅಂತಲೂ ಹೇಳ್ತಾರೆ. ಯಾಕೆ?
— ಮೈಸೂರಿನವರು, ಈಗ ಆಸ್ಟ್ರೇಲಿಯಾ

ನಿಮ್ಮ ಸಹೋದ್ಯೋಗಿಗಳು ನಿಜ ಹೇಳಿದ್ದಾರೆ. ಇರ್ವಿನ್ ದೊಡ್ಡ ಹೆಸರು ಮಾಡಿದ್ದು ಅಮೆರಿಕದಲ್ಲಿ. ಆ ಹಳ್ಳಿ ಮಾತು, ‘ಕ್ರೈಕಿ’ ಅನ್ನುವ ಕೂಗು, ಚಡ್ಡಿ, ಇದನ್ನೆಲ್ಲ ನೋಡಿ ಹೊರಗಿನವರು ನಮ್ಮನ್ನು ಹೀಗೇ ಅಂದುಕೊಳ್ಳುತ್ತಾರೆ ಅಂತ ಸಿಡ್ನಿ, ಮೆಲ್ಬರ್ನ್‌ನ ಓದಿದ ಜನರಿಗೆ ಮುಜುಗರ. ಸತ್ತ ಮೇಲೆ ಅಮೆರಿಕ, ಇಂಗ್ಲೆಂಡಿನವರೂ ಅಳುತ್ತಿರುವುದು ನೋಡಿ, ನಮ್ಮವನನ್ನು ನಾವೇ ಸರಿಯಾಗಿ ನೋಡಲಿಲ್ಲವಲ್ಲ ಅಂತ ಅನಿಸಿದ್ದು ಸಹಜ. ನಾವೇನು ಕಮ್ಮಿಯಾ? ಊರ ಕಡೆಯ ಮಾತಲ್ಲಿ ಸಂದರ್ಶನ ಕೊಟ್ಟವರನ್ನು ನಾವು ಎಷ್ಟು ಆಡಿಕೊಂಡು ನಗುತ್ತೇವೆ.

ನಮ್ಮೂರಲ್ಲಿ ಹುಡುಗರು ನಾಗರಹಾವು ಹಿಡಿದು ಮುತ್ತು ಕೊಡೋ ವಿಡಿಯೋ ಹಾಕ್ತಾರೆ. ಕೇಳಿದ್ರೆ ಸ್ಟೀವ್ ಇರ್ವಿನ್ ನಮ್ಮ ಗುರು ಅಂತಾರೆ.
— ಅಂಗಡಿಯವರು, ತೀರ್ಥಹಳ್ಳಿ

ಗುರು ಆರನೇ ಹುಟ್ಟುಹಬ್ಬಕ್ಕೇ ಹೆಬ್ಬಾವು ಉಡುಗೊರೆ ಪಡೆದವರು, ಅಪ್ಪ ಅಮ್ಮ 1970ರಲ್ಲಿ ಶುರು ಮಾಡಿದ ಸರೀಸೃಪ ಪಾರ್ಕಿನಲ್ಲೇ ಬೆಳೆದವರು. ಶಿಷ್ಯರು ಕಲಿತಿದ್ದು ಮೊಬೈಲಿನಲ್ಲಿ. ಇನ್ನೂ ಒಂದು ವ್ಯತ್ಯಾಸ ಇದೆ. ಅಷ್ಟೊಂದು ವಿಷದ ಹಾವುಗಳಿರುವ ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಎರಡೋ ಮೂರೋ. ನಮ್ಮ ದೇಶದಲ್ಲಿ ಒಂದು ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 58,000. ಅಲ್ಲಿ ಕಚ್ಚಿದರೆ ಹೆಲಿಕಾಪ್ಟರ್ ಬರುತ್ತದೆ, ಇಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿದ್ದು ಸುಮ್ನೆ ಅಲ್ಲ. ಮನೆಗೆ ಹಾವು ಬಂದರೆ ಅರಣ್ಯ ಇಲಾಖೆಗೆ ಹೇಳಿ. ಹುಡುಗರ ವಿಡಿಯೋಗೆ ಲೈಕ್ ಒತ್ತಬೇಡಿ, ಅದೇ ದೊಡ್ಡ ಉಪಕಾರ.

ಅವರು ಸಾಯುವ ಗಳಿಗೆಯ ವಿಡಿಯೋ ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾದದ್ದಾ?
— ಓದುಗರು, ಹಾಸನ

ಅಲ್ಲ. ಚಿತ್ರೀಕರಣ ಆಗಿದ್ದು ನಿಜ. ಆ ಟೇಪನ್ನು ಪೊಲೀಸರು ತನಿಖೆಗೆ ತೆಗೆದುಕೊಂಡರು, ತನಿಖೆ ಮುಗಿದ ಮೇಲೆ ಪ್ರತಿಗಳನ್ನು ನಾಶ ಮಾಡಲಾಯಿತು. ಅದನ್ನು ಯಾವ ಕಾಲಕ್ಕೂ ಟಿವಿಯಲ್ಲಿ ತೋರಿಸುವುದಿಲ್ಲ ಅಂತ ಟೆರ್ರಿ ಆಗಲೇ ಹೇಳಿದ್ದರು. ನಿಮಗೆ ಬಂದಿರುವುದು ಯಾರೋ ಬೇರೆ ಬೇರೆ ತುಣುಕು ಅಂಟಿಸಿ ಮಾಡಿದ್ದಿರಬೇಕು. ಅಳಿಸಿಬಿಡಿ, ಕಳಿಸಿದವರಿಗೂ ಹೇಳಿ.