ಟೋಟಲ್ ಕೊಲೆಸ್ಟ್ರಾಲ್ 198 ಇದೆ, ಮತ್ತೇನು ಚಿಂತೆ?

ಪ್ರಶ್ನೆ: ನನಗೆ 27 ವರ್ಷ, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದೆ. ದಪ್ಪ ಇಲ್ಲ, ಕರಿದ ತಿಂಡಿಯೂ ಅಷ್ಟಕ್ಕಷ್ಟೇ. ಮುಟ್ಟು ಸರಿಹೋಗಲಿ ಅಂತ ಕೆಲವು ತಿಂಗಳಿಂದ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ಲಿಪಿಡ್ ಪ್ರೊಫೈಲ್ ಮಾಡಿಸಿದೆ. ಟೋಟಲ್ ಕೊಲೆಸ್ಟ್ರಾಲ್ 198, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 118, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 210. ಟೋಟಲ್ 200ರ ಒಳಗಿದೆ, ಬಿಡು ಅನ್ನುತ್ತಾರೆ ಮನೆಯವರು. ಮುಂದಿನ ವರ್ಷ ಮಗು ಬೇಕು ಅಂದುಕೊಂಡಿದ್ದೇವೆ. ಈಗಲೇ ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕಾ?

ಉತ್ತರ: ಗಾಬರಿ ಬೇಡ. ಆದರೆ ಟೋಟಲ್ ಒಂದನ್ನೇ ನೋಡಿ ರಿಪೋರ್ಟ್ ಮಡಚಿಡಬೇಡಿ. ನಿಮ್ಮ ಟೋಟಲ್ ಚೆನ್ನಾಗಿ ಕಾಣುತ್ತಿರುವುದೇ ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಇರುವುದರಿಂದ! ಹೆಂಗಸರಿಗೆ ಎಚ್‌ಡಿಎಲ್ 50ಕ್ಕಿಂತ ಕಡಿಮೆ ಇರಬಾರದು. 198ರಲ್ಲಿ 38 ಕಳೆಯಿರಿ, 160 ಉಳಿಯಿತು. ಇದನ್ನು ನಾನ್-ಎಚ್‌ಡಿಎಲ್ ಅನ್ನುತ್ತೇವೆ. 130ರ ಒಳಗಿದ್ದರೆ ಒಳ್ಳೆಯದು. ನಾನು ಮೊದಲು ನೋಡುವುದು ಈ ಲೆಕ್ಕವನ್ನೇ.

ಎಣ್ಣೆ ತಿನ್ನದಿದ್ದರೂ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಹೀಗೇಕೆ? ಪಿಸಿಓಎಸ್ ಇರುವ ತುಂಬಾ ಜನರಲ್ಲಿ ಇನ್ಸುಲಿನ್ ಇದ್ದರೂ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ. ತೆಳ್ಳಗಿರುವವರಲ್ಲೂ ಇದು ಉಂಟು. ಆಗ ದೇಹದ ಕೊಬ್ಬು ಕರಗಿ ಲಿವರ್‌ಗೆ ಹರಿಯುತ್ತದೆ, ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಬೇಗ ಖಾಲಿಯಾಗುತ್ತದೆ. ಎಲ್‌ಡಿಎಲ್ ಕಣಗಳೂ ಸಣ್ಣಗಾಗಿ ಸಂಖ್ಯೆಯಲ್ಲಿ ಜಾಸ್ತಿಯಾಗುತ್ತವೆ. ರಿಪೋರ್ಟಿನ 118 ಇದನ್ನು ಹೇಳುವುದಿಲ್ಲ.

ಹಾಗಾಗಿ ಸುಮ್ನೆ ಎಣ್ಣೆ ಬಿಟ್ಟರೆ ಆಗದು. ಎಣ್ಣೆ ಬಿಟ್ಟು ದಿನಾ ಜ್ಯೂಸ್ ಕುಡಿಯುವವರಿದ್ದಾರೆ, ಟ್ರೈಗ್ಲಿಸರೈಡ್ ಏರುವುದೇ ಅಲ್ಲಿ. ಸಕ್ಕರೆ, ಸಿಹಿ ಪಾನೀಯ, ಮೈದಾ ಇಳಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ, ಎರಡು ದಿನ ತೂಕ ಎತ್ತುವಂಥ ವ್ಯಾಯಾಮ ಮಾಡಿ. ಮೈತೂಕ ಇಳಿಯದಿದ್ದರೂ ಇನ್ಸುಲಿನ್ ಸುಧಾರಿಸುತ್ತದೆ.

ಇನ್ನು ನಿಮ್ಮ ಹಾರ್ಮೋನ್ ಮಾತ್ರೆ. ಈಸ್ಟ್ರೋಜನ್ ಇರುವ ಮಾತ್ರೆಗಳು ಕೆಲವರಲ್ಲಿ ಟ್ರೈಗ್ಲಿಸರೈಡ್ ಏರಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಈ ರಿಪೋರ್ಟ್ ತೋರಿಸಿ. ಮೂರು ತಿಂಗಳ ನಂತರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಟೆಸ್ಟ್ ಮಾಡಿಸಿ. ಜೊತೆಗೆ ಶುಗರ್, ಬಿಪಿ, ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಕಡಿಮೆಯಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ, ಅಲ್ವಾ?

ಕೊಲೆಸ್ಟ್ರಾಲ್ ಮಾತ್ರೆ? ನಿಮ್ಮ ವಯಸ್ಸಿಗೆ, ಈ ಅಂಕಿಗಳಿಗೆ, ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬಸಿರಿನಲ್ಲಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಅನ್ನು ಹೆಚ್ಚಿನವರಿಗೆ ನಿಲ್ಲಿಸುತ್ತೇವೆ, ಹಾಗಾಗಿ ಮಗು ಬೇಕೆನ್ನುವಾಗ ಸುಮ್ಮನೆ ಶುರು ಮಾಡುವುದು ನನಗೆ ಸರಿ ಕಾಣದು. ಟ್ರೈಗ್ಲಿಸರೈಡ್ 500 ದಾಟಿದರೆ ಮಾತ್ರ ಕಾಯುವಂತಿಲ್ಲ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇರುತ್ತದೆ. ಶುಗರ್ ಇದೆ ಅಂತ ಗೊತ್ತಾದರೆ, ಅಥವಾ ತಂದೆಗೋ ಅಣ್ಣನಿಗೋ 55ರೊಳಗೆ, ತಾಯಿಗೋ ಅಕ್ಕನಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ, ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿಬಿಡಿ. ಆಗ ನಾನು ಇಲ್ಲಿ ಹೇಳಿದ ಲೆಕ್ಕ ಬದಲಾಗುತ್ತದೆ.